ಸ್ವಿಚ್ ಪೋರ್ಟು ತಾನಾಗಿಯೇ ಬಂದ್ ಆದರೆ: ಮೊದಲು ಕಾರಣ, ಆಮೇಲೆ ನೋ ಶಟ್

ಕಂಪ್ಯೂಟರಿನಲ್ಲಿ ನೆಟ್ ಇಲ್ಲ. ಕೇಬಲ್ ಸರಿಯಾಗಿಯೇ ಇದೆ. ಕಂಪ್ಯೂಟರುಗಳ ಕೇಬಲ್ಲುಗಳನ್ನೆಲ್ಲ ಒಂದು ಕಡೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಇಟ್ಟಿರುವ ರ‍್ಯಾಕ್ ಹತ್ತಿರ ಹೋಗಿ ನೋಡಿದರೆ ಬೇರೆ ಪೋರ್ಟುಗಳಲ್ಲೆಲ್ಲ ಹಸಿರು ದೀಪ ಮಿನುಗುತ್ತಿದೆ, ಇದೊಂದರಲ್ಲಿ ಮಾತ್ರ ಕಿತ್ತಳೆ ದೀಪ ಹಾಗೇ ನಿಂತಿದೆ. ಕೇಬಲ್ ಕಿತ್ತು ಮತ್ತೆ ಹಾಕಿದರೂ ಅಷ್ಟೇ. ಪಕ್ಕದ ಪೋರ್ಟಿಗೆ ಹಾಕಿದರೆ ಸ್ವಲ್ಪ ಹೊತ್ತು ಕೆಲಸ ಮಾಡಿ ಅದೂ ಬಂದ್. ಮೈಸೂರು, ಮಂಡ್ಯ ಕಡೆ ಕಾಲೇಜು, ನರ್ಸಿಂಗ್ ಹೋಮ್, ಸಣ್ಣ ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಇದು ಮಾಮೂಲಿ ದೂರು. ಫೋನ್ ಮಾಡಿದವರು ಕೇಳುವುದೂ ಒಂದೇ ಮಾತು: "ಸಾರ್, ಪೋರ್ಟು ಸುಟ್ಟೋಗಿದೆ ಅನ್ಸುತ್ತೆ, ಹೊಸ ಸ್ವಿಚ್ ತರಿಸ್ಬೇಕಾ?"

ಬಹಳ ಸಲ ತರಿಸಬೇಕಾಗಿಲ್ಲ. ಏನೋ ಅಪಾಯ ಕಂಡು ಸ್ವಿಚ್ಚೇ ಆ ಪೋರ್ಟನ್ನು ಮುಚ್ಚಿದೆ. ಮನೆಯಲ್ಲಿ ಎಂಸಿಬಿ ಬೀಳುತ್ತದಲ್ಲ, ಹಾಗೆ. ಎಂಸಿಬಿಯನ್ನು ಸುಮ್ನೆ ಎತ್ತಿ ಎತ್ತಿ ಹಾಕುತ್ತಾ ಕೂತರೆ ಶಾರ್ಟ್ ಆದ ವೈರು ಸರಿಹೋಗುವುದಿಲ್ಲ. ಸ್ವಿಚ್ ವಿಷಯದಲ್ಲಿ ಮಾತ್ರ ಹೆಚ್ಚಿನವರು ಮಾಡುವುದು ಅದನ್ನೇ: ಶಟ್, ನೋ ಶಟ್ (ಪೋರ್ಟನ್ನು ಮುಚ್ಚಿ ತೆರೆಯುವ ಕಮಾಂಡುಗಳು), ಲೈನ್ ಬಂತು, ಮನೆಗೆ ಹೋದರು. ಮಾರನೇ ದಿನ ಮತ್ತೆ ಅದೇ ಫೋನ್. ಎಂಸಿಬಿಗಿಂತ ಸ್ವಿಚ್ ಒಂದು ವಿಷಯದಲ್ಲಿ ವಾಸಿ. ಯಾಕೆ ಮುಚ್ಚಿದೆ ಅನ್ನುವುದನ್ನು ಬರೆದಿಟ್ಟಿರುತ್ತದೆ. ಓದುವ ವ್ಯವಧಾನ ನಮಗಿರಬೇಕು.

ಇಲ್ಲಿ ಬರೆದಿರುವುದು ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಕಡೆ ಕಾಲೇಜುಗಳಲ್ಲಿ ಹಳೇ 2960 ಇನ್ನೂ ಓಡುತ್ತಲೇ ಇದೆ. ಕಮಾಂಡ್‌ಗಳನ್ನು ಓದಿಕೊಳ್ಳಲು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಸ್ವಿಚ್‌ಗೆ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಸ್ವಿಚ್ ಆಫ್ ಮಾಡಿ ಆನ್ ಮಾಡಬೇಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲಗ್ ಕಿತ್ತು ಹಾಕಿದರೆ ಪೋರ್ಟು ಎದ್ದು ಬರುವುದು ನಿಜ. ಆದರೆ ಸ್ವಿಚ್‌ನ ಮೆಮೊರಿಯಲ್ಲಿದ್ದ ಲಾಗ್ (ಯಾವಾಗ ಏನಾಯಿತೆಂಬ ದಾಖಲೆ) ಕೂಡ ಅಳಿಸಿಹೋಗುತ್ತದೆ. ಕಾರಣ ಬರೆದಿದ್ದ ಹಾಳೆಯನ್ನು ನಾವೇ ಹರಿದು ಹಾಕಿದಂತಾಯಿತು, ಅಲ್ವಾ? ಜೊತೆಗೆ ಆ ಸ್ವಿಚ್‌ನಲ್ಲಿದ್ದ ಉಳಿದವರ ಕೆಲಸವೂ ನಿಲ್ಲುತ್ತದೆ. ಮೊದಲು ಕನ್ಸೋಲ್ ಕೇಬಲ್ಲಿನಲ್ಲೋ ಎಸ್‌ಎಸ್‌ಎಚ್‌ನಲ್ಲೋ (ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ದಾರಿ) ಒಳಗೆ ಹೋಗಿ, ಶೋ ಲಾಗಿಂಗ್ ಕೊಟ್ಟು, ಬಂದದ್ದನ್ನು ಪೂರ್ತಿ ಒಂದು ನೋಟ್‌ಪ್ಯಾಡಿಗೆ ಹಾಕಿಟ್ಟುಕೊಳ್ಳಿ.

ಲಾಗ್ ತೆರೆದಾಗ ತಾರೀಕು 1993ರ ಮಾರ್ಚ್ 1ರ ಆಸುಪಾಸು ತೋರಿಸುತ್ತಿದ್ದರೆ ಗಾಬರಿಯಾಗಬೇಡಿ. ಗಡಿಯಾರ ಹೊಂದಿಸದ ಹಳೇ ಕ್ಯಾಟಲಿಸ್ಟ್‌ಗಳು ಆನ್ ಆದಾಗ ಆ ದಿನದಿಂದಲೇ ಎಣಿಕೆ ಶುರು ಮಾಡುತ್ತವೆ. ಆದರೆ ಈ ಗಡಿಯಾರದ ವಿಷಯ ಸಣ್ಣದಲ್ಲ. ಪೋರ್ಟು ಬಿದ್ದದ್ದು ಬೆಳಿಗ್ಗೆ ಎಂಟೂವರೆಗೋ, ಕರೆಂಟು ವಾಪಸ್ ಬಂದ ಗಳಿಗೆಗೋ, ಊಟದ ಬಿಡುವಿಗೋ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿ ಇಡುವ ವ್ಯವಸ್ಥೆ) ಹಾಕಿ, ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30 ಕೊಡಿ. ಸಾಧ್ಯವಾದರೆ ಯಾವುದಾದರೂ ಹಳೇ ಕಂಪ್ಯೂಟರನ್ನು ಸಿಸ್‌ಲಾಗ್ ಸರ್ವರ್ ಮಾಡಿ, ಎಲ್ಲ ಸ್ವಿಚ್‌ಗಳ ಲಾಗ್ ಅಲ್ಲಿಗೆ ಬರುವಂತೆ ಮಾಡಿಡಿ. ಮುಂದಿನ ಸಲ ಯಾರಾದರೂ ಪ್ಲಗ್ ಕಿತ್ತು ಹಾಕಿದರೂ ಸಾಕ್ಷಿ ಉಳಿಯುತ್ತದೆ.

ಯಾವ ಸ್ಥಿತಿ, ಯಾವ ಕಾರಣ

ಶೋ ಇಂಟರ್‌ಫೇಸಸ್ ಸ್ಟೇಟಸ್ ಎಂದು ಕೊಟ್ಟರೆ ಪ್ರತಿ ಪೋರ್ಟಿನ ಮುಂದೆ ಒಂದು ಪದ ಬರುತ್ತದೆ. ಕನೆಕ್ಟೆಡ್ ಎಂದರೆ ಸರಿ ಇದೆ. ನಾಟ್‌ಕನೆಕ್ಟ್ ಎಂದರೆ ಆ ತುದಿಯಿಂದ ಸಿಗ್ನಲ್ಲೇ ಇಲ್ಲ: ಕೇಬಲ್ ತುಂಡಾಗಿರಬಹುದು, ಆಚೆಯ ಯಂತ್ರ ಆಫ್ ಆಗಿರಬಹುದು. ಡಿಸೇಬಲ್ಡ್ ಎಂದರೆ ಯಾರೋ ಶಟ್‌ಡೌನ್ ಎಂದು ಟೈಪ್ ಮಾಡಿದ್ದಾರೆ. ಎರ್-ಡಿಸೇಬಲ್ಡ್ (ತೊಂದರೆ ಕಂಡು ಸ್ವಿಚ್ಚೇ ಮುಚ್ಚಿದ್ದು) ಎಂದಿದ್ದರೆ ಮಾತ್ರ ಈ ಬರಹ ನಿಮಗೆ ಬೇಕು.

ಈ ವ್ಯತ್ಯಾಸ ಮುಂಗಾರಿಗೆ ಮುಂಚಿನ ಗುಡುಗು ಮಳೆ ಕಾಲದಲ್ಲಿ ಜಾಸ್ತಿ ಬೇಕಾಗುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರದ ಕೇಬಲ್ ಎಳೆದಿದ್ದರೆ ಸಿಡಿಲಿಗೆ ಪೋರ್ಟಿನ ಒಳಗಿನ ಚಿಪ್ಪೇ ಹೋಗಿರುತ್ತದೆ. ಆಗ ಒಳ್ಳೆಯ ಕೇಬಲ್ಲು, ಒಳ್ಳೆಯ ಲ್ಯಾಪ್‌ಟಾಪು ಸಿಕ್ಕಿಸಿದರೂ ನಾಟ್‌ಕನೆಕ್ಟ್ ಎಂದೇ ಇರುತ್ತದೆ. ಅಂಥ ಪೋರ್ಟಿಗೆ ಟೇಪ್ ಅಂಟಿಸಿ ಮುಂದೆ ಹೋಗುವುದೇ ಸರಿ. ಮುಂದಿನ ಮಳೆಗಾಲದೊಳಗೆ ಆ ದಾರಿಗೆ ಫೈಬರ್ ಹಾಕಿಸಿ.

ಎರ್-ಡಿಸೇಬಲ್ಡ್ ಇದ್ದಾಗ ಕಾರಣ ತೋರಿಸುವ ಕಮಾಂಡ್ ಇದು:

ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್

ರೀಸನ್ ಎಂಬ ಕಾಲಮ್ಮಿನಲ್ಲಿ ಬಿಪಿಡಿಯುಗಾರ್ಡ್, ಪಿಸೆಕ್ಯೂರ್-ವಯೊಲೇಶನ್, ಲಿಂಕ್-ಫ್ಲ್ಯಾಪ್ ಹೀಗೆ ಒಂದು ಪದ ಇರುತ್ತದೆ. ಅದೇ ನಮ್ಮ ಕಾರಣ. ಅದೇ ಸಮಯದ ಲಾಗ್ ಸಾಲನ್ನೂ ಪಕ್ಕದಲ್ಲಿಟ್ಟು ಓದಿ. ಲಾಗ್‌ನಲ್ಲಿ ಪಿಎಂ-4-ಎರ್‌ಡಿಸೇಬಲ್ ಎಂದು ಶುರುವಾಗುವ ಸಾಲಿಗಿಂತ ಅದರ ಮೇಲಿನ ಅಥವಾ ಕೆಳಗಿನ ಸಾಲಿನಲ್ಲೇ ಹೆಚ್ಚು ವಿವರ ಇರುತ್ತದೆ. ಇನ್ನು ಮುಂದೆ ಹಾದಿ ಕಾರಣಕ್ಕೆ ತಕ್ಕಂತೆ ಕವಲೊಡೆಯುತ್ತದೆ.

ಬಿಪಿಡಿಯುಗಾರ್ಡ್ ಎಂದಿದ್ದರೆ

ಕಾಲೇಜು ಲ್ಯಾಬುಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಸ್ವಿಚ್‌ಗಳು ತಮ್ಮ ನಡುವೆ ಸುತ್ತು ದಾರಿ ಇದೆಯೇ ಎಂದು ತಿಳಿಯಲು ಬಿಪಿಡಿಯು ಎಂಬ ಸಣ್ಣ ಸಂದೇಶವನ್ನು ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ಕಳಿಸುತ್ತವೆ. ಕಂಪ್ಯೂಟರ್ ಕೂರುವ ಪೋರ್ಟಿನಿಂದ ಅಂಥ ಸಂದೇಶ ಒಳಗೆ ಬರಬಾರದು. ಬಂತು ಅಂದರೆ ಒಂದೋ ಅಲ್ಲಿ ಯಾರೋ ಇನ್ನೊಂದು ಸ್ವಿಚ್ ತಂದು ಹಾಕಿದ್ದಾರೆ, ಇಲ್ಲವೇ ನಮ್ಮದೇ ಸಂದೇಶ ಸುತ್ತಿಕೊಂಡು ನಮಗೇ ವಾಪಸ್ ಬಂದಿದೆ. ಅಂದರೆ ಲೂಪ್. ಈಥರ್ನೆಟ್ ಫ್ರೇಮಿಗೆ (ಕೇಬಲ್ಲಿನಲ್ಲಿ ಹೋಗುವ ಮಾಹಿತಿಯ ಕಟ್ಟು) ಆಯಸ್ಸಿನ ಲೆಕ್ಕ ಇಲ್ಲ. ಲೂಪಿನಲ್ಲಿ ಸಿಕ್ಕ ಒಂದು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸಿದ) ಫ್ರೇಮು ಯಾರಾದರೂ ತಡೆಯುವ ತನಕ ಸುತ್ತುತ್ತಲೇ ಇರುತ್ತದೆ, ಇಡೀ ಕ್ಯಾಂಪಸ್ಸಿನ ನೆಟ್ ಮಲಗುತ್ತದೆ. ಅದಕ್ಕೇ ಗಾರ್ಡ್ ತಕ್ಷಣ ಪೋರ್ಟು ಮುಚ್ಚುವುದು.

ಮಂಡ್ಯದ ಒಂದು ಕಾಲೇಜಿನ ಲ್ಯಾಬಿನಲ್ಲಿ ಒಂದೇ ಪೋರ್ಟು ಪದೇ ಪದೇ ಬೀಳುತ್ತಿತ್ತು. ಲಾಗ್ ನೋಡಿದರೆ ಪ್ರತಿ ಸಲವೂ ಬೆಳಗಿನ ಹೊತ್ತು, ಮೊದಲ ಬ್ಯಾಚ್ ಬರುವ ಮುಂಚೆ. ಲ್ಯಾಬ್ ತೆಗೆಯುವ ಸಮಯಕ್ಕೇ ಹೋಗಿ ಕೂತದ್ದರಿಂದ ವಿಷಯ ತಿಳಿಯಿತು. ಮೇಜಿನ ಕೆಳಗೆ ಎಂಟು ಪೋರ್ಟಿನ ಪ್ಲಾಸ್ಟಿಕ್ ಸ್ವಿಚ್. ಅದರಿಂದ ಹೊರಟ ಒಂದು ಪ್ಯಾಚ್ ಕಾರ್ಡಿನ ಇನ್ನೊಂದು ತುದಿಗೆ ಕಂಪ್ಯೂಟರೇ ಇಲ್ಲ, ರಿಪೇರಿಗೆ ಹೋಗಿತ್ತು. ಆ ತುದಿ ನೆಲದ ಮೇಲೆ ಬಿದ್ದಿರುತ್ತಿತ್ತು. ಕಸ ಗುಡಿಸಲು ಬಂದ ಅಮ್ಮ ಅದನ್ನೆತ್ತಿ, ಖಾಲಿ ಇದ್ದ ತೂತಿಗೆ ನೀಟಾಗಿ ಸಿಕ್ಕಿಸಿದರು. ಎರಡೂ ತುದಿ ಒಂದೇ ಸ್ವಿಚ್ಚಿಗೆ. "ಕಾಲಿಗೆ ಸಿಕ್ಕತ್ತಲ್ಲಪ್ಪ, ಅದ್ಕೇ ದಿನಾ ಸಿಕ್ಕಿಸ್ತೀನಿ" ಅಂದರು. ಆಮೇಲೆ ಹುಡುಗರು ಬಂದು ಅದನ್ನು ಕಿತ್ತು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಿಸಾಡಿ ಹೋಗುತ್ತಿದ್ದರು. ಹೀಗಾಗಿ ಮಧ್ಯಾಹ್ನ ಯಾರು ಹೋಗಿ ನೋಡಿದರೂ ಲೂಪ್ ಕಾಣುತ್ತಿರಲಿಲ್ಲ. ಪರಿಹಾರ ಏನೆಂದರೆ ಆ ಪ್ಯಾಚ್ ಕಾರ್ಡನ್ನು ಅಲ್ಲಿಂದ ತೆಗೆದಿಟ್ಟದ್ದು. ಬಳಕೆಯಲ್ಲಿಲ್ಲದ ಕೇಬಲ್ ಮೇಜಿನ ಕೆಳಗೆ ಇರಲೇಬಾರದು.

ಇಷ್ಟು ಸುಲಭವಾಗಿ ಕಣ್ಣಿಗೆ ಕಾಣದಿದ್ದರೆ ಒಂದು ಪರೀಕ್ಷೆ ಮಾಡಿ. ಗೋಡೆಯಿಂದ ಬರುವ ಕೇಬಲನ್ನು ಮೇಜಿನ ಸ್ವಿಚ್ಚಿನಿಂದ ಬಿಡಿಸಿ, ಆ ಜಾಗಕ್ಕೆ ವೈರ್‌ಶಾರ್ಕ್ (ಬಂದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಸಾಫ್ಟ್‌ವೇರ್) ಇರುವ ನಿಮ್ಮ ಲ್ಯಾಪ್‌ಟಾಪ್ ಸಿಕ್ಕಿಸಿ. ಫಿಲ್ಟರಿನಲ್ಲಿ ಎಸ್‌ಟಿಪಿ (ಬಿಪಿಡಿಯು ಬಳಸುವ ಲೂಪ್ ತಡೆ ವ್ಯವಸ್ಥೆ) ಎಂದು ಕೊಡಿ. 2 ಸೆಕೆಂಡಿಗೊಮ್ಮೆ ಬಿಪಿಡಿಯು ಕಾಣಿಸಿದರೆ ಆ ಕಡೆ ಯಾವುದೋ ಮ್ಯಾನೇಜ್ಡ್ ಸ್ವಿಚ್ (ಒಳಗೆ ಹೋಗಿ ಸೆಟ್ಟಿಂಗ್ ಬದಲಿಸಬಹುದಾದದ್ದು) ಅಥವಾ ರೂಟರ್ ಕೂತಿದೆ. ಕಳಿಸಿದವರ ಮ್ಯಾಕ್ ವಿಳಾಸದ (ಪ್ರತಿ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಮೊದಲ ಅರ್ಧ ನೋಡಿದರೆ ಯಾವ ಕಂಪನಿಯದು ಎಂದೂ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಬ್ರಿಡ್ಜ್ ಮಾಡಿದವರಿದ್ದರೂ ಹೀಗೇ ಆಗಬಹುದು. ಬಿಪಿಡಿಯು ಇಲ್ಲ, ಆದರೆ ಫಿಲ್ಟರ್ ತೆಗೆದ ಕೂಡಲೇ ನಿಮ್ಮ ಲ್ಯಾಪ್‌ಟಾಪೇ ಕಳಿಸಿದ ಎಆರ್‌ಪಿ (ಐಪಿ ವಿಳಾಸದ ಮ್ಯಾಕ್ ಯಾವುದೆಂದು ಕೇಳುವ) ಪ್ಯಾಕೆಟ್ಟು ಸಾವಿರಾರು ಸಲ ವಾಪಸ್ ಬಂದು ಬೀಳುತ್ತಿದೆ ಅಂದರೆ ಅದು ಲೂಪೇ. ಮೇಜಿನ ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ, ಬಿಡುವಿಲ್ಲದೆ ಮಿನುಗುತ್ತಿರುತ್ತವೆ.

ಕೆಲವು ಅಗ್ಗದ ಸ್ವಿಚ್‌ಗಳು ಬಿಪಿಡಿಯುವನ್ನು ಮುಂದಕ್ಕೆ ಬಿಡುವುದೇ ಇಲ್ಲ. ಆಗ ಲೂಪ್ ಇದ್ದರೂ ಬಿಪಿಡಿಯುಗಾರ್ಡ್‌ಗೆ ಗೊತ್ತಾಗುವುದಿಲ್ಲ. ಅಂಥ ಕಡೆ ಕಾರಣದ ಜಾಗದಲ್ಲಿ ಲೂಪ್‌ಬ್ಯಾಕ್ ಎಂದು ಬರಬಹುದು. ಕ್ಯಾಟಲಿಸ್ಟ್ ತಾಮ್ರದ ಪೋರ್ಟುಗಳಿಂದ 10 ಸೆಕೆಂಡಿಗೊಮ್ಮೆ ಒಂದು ಕೀಪ್‌ಅಲೈವ್ ಫ್ರೇಮ್ ಕಳಿಸುತ್ತದೆ. ಕಳಿಸಿದ ಪೋರ್ಟಿಗೇ ಅದು ತಿರುಗಿ ಬಂದರೆ ಪೋರ್ಟು ಮುಚ್ಚುತ್ತದೆ. ಹುಡುಕುವ ವಿಧಾನ ಮೇಲಿನದ್ದೇ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಟ ತಪ್ಪಲಿ ಎಂದು ಆ ಪೋರ್ಟಿಗೆ ಬಿಪಿಡಿಯು ಫಿಲ್ಟರ್ ಹಾಕುವವರಿದ್ದಾರೆ. ದೂರು ನಿಂತೇ ಹೋಗುತ್ತದೆ, ಯಾಕೆಂದರೆ ಸ್ವಿಚ್ ಆ ಪೋರ್ಟಿನಲ್ಲಿ ಬಿಪಿಡಿಯು ಕಳಿಸುವುದನ್ನೂ ಕೇಳುವುದನ್ನೂ ಬಿಟ್ಟುಬಿಡುತ್ತದೆ. ಮುಂದೆ ಲೂಪ್ ಆದ ದಿನ ಬೀಳುವುದು ಒಂದು ಪೋರ್ಟಲ್ಲ, ಇಡೀ ವಿಲ್ಯಾನ್ (ಸ್ವಿಚ್‌ಗಳಲ್ಲೇ ಬೇರ್ಪಡಿಸಿದ ನೆಟ್‌ವರ್ಕ್ ಭಾಗ). ಪರೀಕ್ಷೆ ದಿನ ಹಾಗಾದರೆ ಯಾರ ತಲೆಗೆ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಆ ಜಾಗದಲ್ಲಿ ನಿಜಕ್ಕೂ ಇನ್ನೊಂದು ಸ್ವಿಚ್ ಬೇಕಿದ್ದರೆ ಮ್ಯಾನೇಜ್ಡ್ ಸ್ವಿಚ್ಚನ್ನೇ ಕೊಡಿಸಿ, ಆ ಪೋರ್ಟಿನಿಂದ ಪೋರ್ಟ್‌ಫಾಸ್ಟ್ (ಕಾಯದೆ ತಕ್ಷಣ ಪೋರ್ಟು ತೆರೆಯುವ ಸೆಟ್ಟಿಂಗ್), ಗಾರ್ಡ್ ಎರಡನ್ನೂ ತೆಗೆದು ಸರಿಯಾದ ಅಪ್‌ಲಿಂಕ್ (ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಸಂಪರ್ಕ) ಮಾಡಿಕೊಡಿ.

ಪಿಸೆಕ್ಯೂರ್-ವಯೊಲೇಶನ್ ಎಂದಿದ್ದರೆ

ಇದು ಪೋರ್ಟ್ ಸೆಕ್ಯುರಿಟಿ. ಪೋರ್ಟಿನಲ್ಲಿ ಇಷ್ಟೇ ಮ್ಯಾಕ್ ವಿಳಾಸ ಇರಬೇಕು ಎಂದು ನಾವೇ ಹಾಕಿದ ನಿಯಮ. ಏನೂ ಹೇಳದೆ ಬರೀ ಆನ್ ಮಾಡಿದರೆ ಮಿತಿ 1, ಮೀರಿದರೆ ಶಟ್‌ಡೌನ್. ಶೋ ಪೋರ್ಟ್-ಸೆಕ್ಯುರಿಟಿ ಇಂಟರ್‌ಫೇಸ್ ಎಂದು ಪೋರ್ಟಿನ ಹೆಸರು ಕೊಟ್ಟರೆ ಕೊನೆಗೆ ಬಂದ ಮ್ಯಾಕ್ ವಿಳಾಸ ಮತ್ತು ವಿಲ್ಯಾನ್ ಕಾಣುತ್ತದೆ. ಲಾಗ್‌ನಲ್ಲಿಯೂ ಅದೇ ವಿಳಾಸ ಇರುತ್ತದೆ. ಆ ವಿಳಾಸ ಯಾರದು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ.

ಯಾರೋ ಮನೆಯಿಂದ ವೈಫೈ ರೂಟರ್ ತಂದು ಹಾಕಿರುತ್ತಾರೆ ಎಂಬುದು ಎಲ್ಲರ ಮೊದಲ ಊಹೆ. ಇರಲೂಬಹುದು. ಆದರೆ ಕೆಟ್ಟ ಕಂಪ್ಯೂಟರ್ ಬದಲಿಸಿ ಹೊಸದು ಇಟ್ಟದ್ದು ಅದಕ್ಕಿಂತ ಜಾಸ್ತಿ. ಸ್ಟಿಕಿ ಹಾಕಿದ್ದರೆ ಹಳೇ ವಿಳಾಸ ಕಾನ್ಫಿಗ್‌ನಲ್ಲೇ ಕೂತಿರುತ್ತದೆ, ಹೊಸ ಯಂತ್ರವನ್ನು ಒಳಗೆ ಬಿಡುವುದಿಲ್ಲ. ಕ್ಲಿಯರ್ ಪೋರ್ಟ್-ಸೆಕ್ಯುರಿಟಿ ಸ್ಟಿಕಿ ಇಂಟರ್‌ಫೇಸ್ ಎಂದು ಆ ಪೋರ್ಟಿನದನ್ನು ಅಳಿಸಿ, ಹೊಸದನ್ನು ಕಲಿಯಲು ಬಿಟ್ಟು, ಕಾನ್ಫಿಗ್ ಸೇವ್ ಮಾಡಿ.

ತಲೆ ಕೆಡಿಸುವುದು ಐಪಿ ಫೋನ್ ಇರುವ ಆಫೀಸು. ಫೋನಿನ ಹಿಂದೆ ಕಂಪ್ಯೂಟರ್, ಆದ್ದರಿಂದ ಮಿತಿ 2 ಬೇಕೇ ಬೇಕು. ಫೋನಿನ ವಿಳಾಸ ಡೇಟಾ ವಿಲ್ಯಾನ್‌ನಲ್ಲೂ ವಾಯ್ಸ್ ವಿಲ್ಯಾನ್‌ನಲ್ಲೂ ಕಾಣಿಸಿಕೊಳ್ಳಬಹುದಾದ್ದರಿಂದ 3 ಇಡುವುದು ವಾಸಿ. ಇನ್ನೊಂದು ಸೂಕ್ಷ್ಮ ಇದೆ. ಒಬ್ಬರು ತಮ್ಮ ಲ್ಯಾಪ್‌ಟಾಪನ್ನು ಫೋನಿನ ಹಿಂದಿನಿಂದ ಕಿತ್ತು ಮೀಟಿಂಗ್ ರೂಮಿಗೆ ಒಯ್ದು ಸಿಕ್ಕಿಸುತ್ತಾರೆ. ಫೋನು ಇನ್ನೂ ಆನ್ ಇರುವುದರಿಂದ ಹಳೇ ಪೋರ್ಟು ಡೌನ್ ಆಗಿಲ್ಲ, ಅಲ್ಲಿ ಲ್ಯಾಪ್‌ಟಾಪಿನ ವಿಳಾಸ ಹಾಗೇ ಉಳಿದಿದೆ. ಅದೇ ವಿಳಾಸ ಅದೇ ವಿಲ್ಯಾನ್‌ನ ಇನ್ನೊಂದು ಸೆಕ್ಯೂರ್ ಪೋರ್ಟಿನಲ್ಲಿ ಕಂಡರೆ ಅದೂ ಉಲ್ಲಂಘನೆಯೇ. ಬೀಳುವುದು ಮೀಟಿಂಗ್ ರೂಮಿನ ಪೋರ್ಟು. ಎಲ್ಲರೂ ಮೀಟಿಂಗ್ ರೂಮಿನ ವೈರಿಂಗನ್ನು ಬೈಯುತ್ತಾರೆ. ವಿಳಾಸವನ್ನು ಲಾಗ್‌ನಿಂದ ತೆಗೆದು ಶೋ ಪೋರ್ಟ್-ಸೆಕ್ಯುರಿಟಿ ಅಡ್ರೆಸ್ ಪಟ್ಟಿಯಲ್ಲಿ ಹುಡುಕಿದರೆ ಹಳೇ ಪೋರ್ಟು ಸಿಕ್ಕಿಬೀಳುತ್ತದೆ. ಏಜಿಂಗ್ ಟೈಮ್ 2, ಏಜಿಂಗ್ ಟೈಪ್ ಇನ್‌ಆಕ್ಟಿವಿಟಿ ಎಂದು ಹಾಕಿದರೆ ಎರಡು ನಿಮಿಷ ಸದ್ದಿಲ್ಲದ ವಿಳಾಸ ತಾನಾಗಿ ಹೋಗುತ್ತದೆ.

ವೈಫೈ ಆಕ್ಸೆಸ್ ಪಾಯಿಂಟ್ ಸಿಕ್ಕಿಸಿದ ಪೋರ್ಟಿಗೆ ಪೋರ್ಟ್ ಸೆಕ್ಯುರಿಟಿ ಹಾಕುವುದು ದಂಡ. ಪ್ರತಿ ಮೊಬೈಲಿನ ವಿಳಾಸವೂ ಅಲ್ಲೇ ಕಾಣಬಹುದು, ಅದರ ಮೇಲೆ ಆಂಡ್ರಾಯ್ಡ್ 10, ಐಓಎಸ್ 14ರಿಂದೀಚೆಗೆ ಮೊಬೈಲುಗಳು ವೈಫೈಗೆ ಮನಸ್ಸಿಗೆ ಬಂದ ಮ್ಯಾಕ್ ವಿಳಾಸ ಸೃಷ್ಟಿಸಿಕೊಳ್ಳುತ್ತವೆ. ಯಾವ ಮಿತಿ ಇಟ್ಟರೂ ಒಂದು ದಿನ ಮೀರುತ್ತದೆ.

ಲಿಂಕ್-ಫ್ಲ್ಯಾಪ್ ಎಂದಿದ್ದರೆ

10 ಸೆಕೆಂಡಿನೊಳಗೆ 5 ಸಲ ಲಿಂಕ್ ಹೋಗಿ ಬಂದು ಮಾಡಿದರೆ ಸ್ವಿಚ್ ಬೇಸತ್ತು ಪೋರ್ಟು ಮುಚ್ಚುತ್ತದೆ. ಇಲ್ಲಿ ಸೆಟ್ಟಿಂಗಿನ ತಪ್ಪು ಕಡಿಮೆ. ಕೈಗೆ ಸಿಗುವ ವಸ್ತುಗಳ ತಪ್ಪೇ ಹೆಚ್ಚು: ಕೇಬಲ್, ಪ್ಲಗ್ಗು, ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸಲು ಸ್ವಿಚ್‌ಗೆ ಹಾಕುವ ಸಣ್ಣ ಮಾಡ್ಯೂಲ್), ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು. ಹಾಗಾಗಿ ಕೀಬೋರ್ಡ್ ಬಿಟ್ಟು ಎದ್ದು ಓಡಾಡಬೇಕು.

ಕಬ್ಬು ಅರೆಯುವ ಸೀಸನ್ನಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಕಾರ್ಖಾನೆಯ ವೇಬ್ರಿಡ್ಜ್ ಕ್ಯಾಬಿನ್ನಿನಿಂದ ದೂರು ಬಂತು. ಪೋರ್ಟು ದಿನಕ್ಕೆ ಹಲವು ಸಲ ಬಂದ್. ಹೊರಗೆ ಕಬ್ಬಿನ ಗಾಡಿಗಳ ಸಾಲು, ತೂಕದ ಚೀಟಿ ಬರುತ್ತಿಲ್ಲ, ಡ್ರೈವರುಗಳ ಕೂಗಾಟ. ಕ್ಯಾಬಿನ್ನಿನಲ್ಲಿದ್ದ ಆಪರೇಟರ್ ಹೇಳಿದ ಮಾತೇ ಸುಳಿವು: "ಖಾಲಿ ಗಾಡಿ ಹತ್ತಿದ್ರೆ ಏನೂ ಆಗಲ್ಲ ಸಾರ್, ಲೋಡ್ ಗಾಡಿ ಬಂದಾಗ್ಲೇ ಕೈ ಕೊಡುತ್ತೆ." ಕಂಪ್ಯೂಟರಿನ ಹಿಂದೆ ಟಾರ್ಚ್ ಹಾಕಿ ನೋಡಿದರೆ ಆರ್‌ಜೆ45 ಪ್ಲಗ್ಗಿನ ಮೇಲಿನ ನಾಲಿಗೆ ಮುರಿದಿದೆ. ಜಾರದಿರಲಿ ಎಂದು ಯಾರೋ ಬೀಡಿ ಕಟ್ಟಿನ ಕಾಗದ ಮಡಚಿ ತುರುಕಿದ್ದಾರೆ. ತುಂಬಿದ ಲಾರಿ ಹತ್ತುವಾಗ ಕ್ಯಾಬಿನ್ ಅದುರುತ್ತದೆ, ಪ್ಲಗ್ಗು ಕೂದಲೆಳೆಯಷ್ಟು ಅಲ್ಲಾಡುತ್ತದೆ, ಲಿಂಕ್ ಪಟಪಟ ಹೋಗಿ ಬರುತ್ತದೆ. ಹೊಸ ಪ್ಲಗ್ ಕ್ರಿಂಪ್ ಮಾಡಿದ ಮೇಲೆ ಗಾಡಿಗಳ ಸಾಲು ಕರಗಿತು. ಅಷ್ಟರಲ್ಲಾಗಲೇ ಆ ಕಂಪ್ಯೂಟರನ್ನು ಒಮ್ಮೆ ಬದಲಿಸಿಯೂ ಆಗಿತ್ತಂತೆ.

ನೋಡುವ ಕ್ರಮ ಹೀಗಿರಲಿ. ಕ್ಲಿಯರ್ ಕೌಂಟರ್ಸ್ ಕೊಟ್ಟು ಎಣಿಕೆ ಸೊನ್ನೆ ಮಾಡಿ. ಪೋರ್ಟನ್ನು ಎಬ್ಬಿಸಿ, ಸ್ವಲ್ಪ ಹೊತ್ತು ಕೆಲಸ ನಡೆಯಲು ಬಿಟ್ಟು ಶೋ ಇಂಟರ್‌ಫೇಸಸ್‌ನಲ್ಲಿ ಸಿಆರ್‌ಸಿ (ಕೆಟ್ಟು ಬಂದ ಫ್ರೇಮುಗಳ) ಸಂಖ್ಯೆ ನೋಡಿ. ಅದು ಏರುತ್ತಿದ್ದರೆ ಕೇಬಲ್ ದಾರಿಯಲ್ಲೇ ತೊಂದರೆ. ಲೇಟ್ ಕೊಲಿಶನ್ (ತಡವಾಗಿ ಆಗುವ ಫ್ರೇಮುಗಳ ಡಿಕ್ಕಿ) ಏರುತ್ತಿದ್ದರೆ ಒಂದು ಕಡೆ ಫುಲ್ (ಒಟ್ಟಿಗೇ ಕಳಿಸಿ ಪಡೆಯುವುದು), ಇನ್ನೊಂದು ಕಡೆ ಹಾಫ್ ಡೂಪ್ಲೆಕ್ಸ್ (ಒಂದು ಸಲಕ್ಕೆ ಒಂದೇ) ಆಗಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆ ಆಟೋ ಮಾಡಿ. ಆಮೇಲೆ ಒಂದೊಂದೇ ವಸ್ತು ಬದಲಿಸಿ: ಮೊದಲು ರ‍್ಯಾಕ್ ಕಡೆಯ ಪ್ಯಾಚ್ ಕಾರ್ಡ್, ನಂತರ ಮೇಜಿನ ಕಡೆಯದು, ನಂತರ ಸ್ವಿಚ್ ಪೋರ್ಟು, ಕೊನೆಗೆ ಯಂತ್ರ. ಒಟ್ಟಿಗೆ ಎಲ್ಲ ಬದಲಿಸಿದರೆ ಸರಿಹೋಗಬಹುದು, ಆದರೆ ಕೆಟ್ಟದ್ದು ಯಾವುದು ಎಂದು ತಿಳಿಯದೆ ಅದೇ ಕೆಟ್ಟ ಕಾರ್ಡನ್ನು ನಾಳೆ ಇನ್ನೊಬ್ಬರಿಗೆ ಹಾಕಿಕೊಡುತ್ತೀರಿ.

ಗೋಡೆಯೊಳಗಿನ ಕೇಬಲ್ ಮೇಲೆ ಅನುಮಾನವಿದ್ದರೆ ಟಿಡಿಆರ್ (ತಂತಿಯಲ್ಲಿ ಸಿಗ್ನಲ್ ಕಳಿಸಿ ದೋಷದ ದೂರ ಅಳೆಯುವ) ಪರೀಕ್ಷೆ ಇದೆ. ಟೆಸ್ಟ್ ಕೇಬಲ್-ಡಯಾಗ್ನಾಸ್ಟಿಕ್ಸ್ ಟಿಡಿಆರ್ ಇಂಟರ್‌ಫೇಸ್ ಎಂದು ಕೊಟ್ಟು, ಕೆಲವು ಸೆಕೆಂಡು ಬಿಟ್ಟು, ಅದೇ ಸಾಲನ್ನು ಟೆಸ್ಟ್ ಬದಲು ಶೋ ಹಾಕಿ ಕೊಡಿ. ನಾಲ್ಕು ಜೋಡಿ ತಂತಿಗಳ ಸ್ಥಿತಿ ಮತ್ತು ಉದ್ದ ಬರುತ್ತದೆ. ಒಂದು ಜೋಡಿ ಓಪನ್ ಎಂದು 23 ಮೀಟರ್ ತೋರಿಸಿದರೆ ಹೆಚ್ಚುಕಡಿಮೆ ಅಷ್ಟು ದೂರದಲ್ಲಿ ತುಂಡಾಗಿದೆ. ಇಲಿ ಕಡಿದಿರಬಹುದು, ಮೊಳೆ ಹೊಡೆದಿರಬಹುದು. ಪರೀಕ್ಷೆ ನಡೆಯುವಾಗ ಲಿಂಕ್ ಹೋಗುತ್ತದೆ, ಬಳಸುವವರಿಗೆ ಹೇಳಿ ಮಾಡಿ.

ಇನ್ನೆರಡು ಮಾತು. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ. ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ ಆಫೀಸಿನಿಂದ ಗೇಟಿಗೆ ಎಳೆದ ಕೇಬಲ್ ಎಷ್ಟು ಉದ್ದವಿದೆ ಎಂದು ಎಷ್ಟೋ ಸಲ ಯಾರೂ ಅಳೆದಿರುವುದಿಲ್ಲ. ಕಂಪ್ರೆಸರ್ ಮೋಟಾರಿನ ಕೇಬಲ್ ಜೊತೆಗೇ ಒಂದೇ ಟ್ರೇಯಲ್ಲಿ ಎಳೆದಿದ್ದರೆ ಅದೂ ಕಾಟ ಕೊಡುತ್ತದೆ. ಎರಡನೆಯದು, ಕಡಿಮೆ ಬೆಲೆಗೆ ಸಿಗುವ ಕೆಲವು ಕೇಬಲ್ಲುಗಳ ತಂತಿ ತಾಮ್ರವಲ್ಲ, ತಾಮ್ರ ಬಳಿದ ಅಲ್ಯೂಮಿನಿಯಮ್. ಬ್ಲೇಡಿನಿಂದ ತಂತಿಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಆ ಬಾಕ್ಸನ್ನು ವಾಪಸ್ ಕೊಟ್ಟುಬಿಡಿ.

ಕರೆಂಟು ಬಂದ ಮೇಲೆ ಬೀಳುವ ಪೋರ್ಟು

ಕಾರಣದ ಜಾಗದಲ್ಲಿ ಡಿಎಚ್‌ಸಿಪಿ-ರೇಟ್-ಲಿಮಿಟ್ ಎಂದಿದ್ದರೆ ಲಾಗ್‌ನ ಸಮಯವನ್ನು ಕರೆಂಟು ಬಂದ ಸಮಯದ ಜೊತೆ ಹೋಲಿಸಿ. ರ‍್ಯಾಕ್‌ಗೆ ಯುಪಿಎಸ್ ಇರುತ್ತದೆ, ಲ್ಯಾಬಿನ ಕಂಪ್ಯೂಟರುಗಳಿಗೆ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಒಂದು ಮೇಜಿನ ಸ್ವಿಚ್ ಹಿಂದಿರುವ ಅಷ್ಟೂ ಕಂಪ್ಯೂಟರುಗಳು ಒಟ್ಟಿಗೆ ಎದ್ದು, ಒಟ್ಟಿಗೆ ಐಪಿ ವಿಳಾಸ ಕೇಳುತ್ತವೆ. ಡಿಎಚ್‌ಸಿಪಿ ಸ್ನೂಪಿಂಗ್‌ನಲ್ಲಿ (ಐಪಿ ವಿಳಾಸ ಕೇಳುವ, ಕೊಡುವ ಡಿಎಚ್‌ಸಿಪಿ ಸಂದೇಶಗಳ ಮೇಲೆ ಸ್ವಿಚ್ ಇಡುವ ಕಾವಲು) ಸೆಕೆಂಡಿಗೆ 10 ಎಂದು ಮಿತಿ ಇಟ್ಟಿದ್ದರೆ ಮೀರಲು ಇಷ್ಟು ಸಾಕು. ಇದು ದಾಳಿಯಲ್ಲ, ಲೆಕ್ಕ ತಪ್ಪಿದ ಮಿತಿ. ಆ ಪೋರ್ಟಿನ ಹಿಂದೆ ಎಷ್ಟು ಯಂತ್ರಗಳಿವೆ ಎಂದು ಎಣಿಸಿ ಮಿತಿಯನ್ನು ಏರಿಸಿ. ಒಂದೇ ಕಂಪ್ಯೂಟರ್ ಇರುವ ಪೋರ್ಟಿನಲ್ಲಿ ಹೀಗಾದರೆ ಮಾತ್ರ ಆ ಯಂತ್ರವನ್ನು ಅನುಮಾನದಿಂದ ನೋಡಿ.

ಎಆರ್‌ಪಿ-ಇನ್‌ಸ್ಪೆಕ್ಷನ್ (ಎಆರ್‌ಪಿ ಪ್ಯಾಕೆಟ್ಟುಗಳ ತಪಾಸಣೆ) ಎಂಬುದೂ ಇದರ ತಮ್ಮನೇ. ಅದರಲ್ಲಿ ನಾವು ಏನೂ ಹಾಕದಿದ್ದರೂ ನಂಬಿಕೆ ಇಲ್ಲದ ಪೋರ್ಟಿಗೆ ಸೆಕೆಂಡಿಗೆ 15 ಎಂಬ ಮಿತಿ ಇದ್ದೇ ಇರುತ್ತದೆ. ಯಾರಾದರೂ ನೆಟ್‌ವರ್ಕ್ ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್ ಓಡಿಸಿದರೆ ತಕ್ಷಣ ಮೀರುತ್ತದೆ. ಪ್ರಿಂಟರ್ ಹುಡುಕಲು ಸ್ಕ್ಯಾನರ್ ಓಡಿಸಿದ ಇಂಜಿನಿಯರಿನ ಲ್ಯಾಪ್‌ಟಾಪೂ ಇದರಲ್ಲಿ ಸಿಕ್ಕಿಕೊಳ್ಳುತ್ತದೆ.

ಉಳಿದವು, ಚುಟುಕಾಗಿ

ಯುಡಿಎಲ್‌ಡಿ ಎಂದಿದ್ದರೆ ಸಾಮಾನ್ಯವಾಗಿ ಫೈಬರ್. ಎರಡು ಎಳೆಗಳಲ್ಲಿ ಒಂದು ಹೋಗಿದೆ ಅಥವಾ ತಲೆಕೆಳಗಾಗಿದೆ: ಮಾತು ಹೋಗುತ್ತಿದೆ, ಉತ್ತರ ಬರುತ್ತಿಲ್ಲ. ಮೊದಲು ಕನೆಕ್ಟರ್ ಒರೆಸಿ. ಶೋ ಇಂಟರ್‌ಫೇಸಸ್ ಟ್ರಾನ್ಸೀವರ್ ಡೀಟೇಲ್‌ನಲ್ಲಿ ಎರಡೂ ತುದಿಯ ಬೆಳಕಿನ ಮಟ್ಟ ನೋಡಿ. ರಸ್ತೆ ಬದಿ ಜೆಸಿಬಿ ಕೆಲಸ ನಡೆಯುತ್ತಿದೆಯೇ ಎಂದೂ ಒಮ್ಮೆ ಹೊರಗೆ ಕಣ್ಣು ಹಾಯಿಸಿ. ಸರಿಮಾಡಿದ ಮೇಲೆ ಯುಡಿಎಲ್‌ಡಿ ರೀಸೆಟ್ ಕೊಟ್ಟರೆ ಅದು ಮುಚ್ಚಿದ ಪೋರ್ಟುಗಳೆಲ್ಲ ಒಟ್ಟಿಗೆ ಏಳುತ್ತವೆ.

ಚಾನೆಲ್-ಮಿಸ್‌ಕಾನ್ಫಿಗ್ ಬಂದರೆ ಒಂದಲ್ಲ, ಹಲವು ಪೋರ್ಟು ಸೇರಿಸಿ ಒಂದೇ ಲಿಂಕ್ ಮಾಡಿದ ಆ ಕಟ್ಟಿನ (ಚಾನೆಲ್) ಪೋರ್ಟುಗಳೆಲ್ಲ ಒಟ್ಟಿಗೆ ಬೀಳುತ್ತವೆ. ಒಂದು ಕಡೆ ಮೋಡ್ ಆನ್ ಎಂದು ಹಾಕಿ ಇನ್ನೊಂದು ಕಡೆ ಚಾನೆಲ್ ಮಾಡದೇ ಬಿಟ್ಟಿದ್ದಾರೆ. ಎರಡೂ ಕಡೆ ಎಲ್‌ಎಸಿಪಿ (ಎರಡೂ ತುದಿ ಮಾತಾಡಿಕೊಂಡು ಚಾನೆಲ್ ಕಟ್ಟುವ ವಿಧಾನ) ಬಳಸಿ, ಈ ರಗಳೆಯೇ ಇರುವುದಿಲ್ಲ. ಜಿಬಿಐಸಿ-ಇನ್‌ವ್ಯಾಲಿಡ್ ಎಂದರೆ ಸ್ವಿಚ್ ಆ ಎಸ್‌ಎಫ್‌ಪಿಯನ್ನು ಒಪ್ಪುತ್ತಿಲ್ಲ. ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್ ಎಂಬ ಕಮಾಂಡಿನಿಂದ ಕೆಲವು ಒಪ್ಪಿಕೊಳ್ಳುತ್ತವೆ, ಆದರೆ ಆಮೇಲೆ ಕಂಪನಿಯವರು ಸಪೋರ್ಟ್ ಕೊಡದಿದ್ದರೆ ದೂರಬೇಡಿ. ಸ್ಟಾರ್ಮ್-ಕಂಟ್ರೋಲ್ (ಬ್ರಾಡ್‌ಕಾಸ್ಟ್ ಪ್ರವಾಹದ ಮಿತಿ) ಎಂದಿದ್ದರೆ ಬಿಪಿಡಿಯುಗಾರ್ಡ್ ಭಾಗಕ್ಕೆ ವಾಪಸ್ ಹೋಗಿ. ಲೂಪನ್ನೇ ಮೊದಲು ಅನುಮಾನಿಸಿ. ಇನ್‌ಲೈನ್-ಪವರ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕೊಡುವ ಕರೆಂಟಿನ ತೊಂದರೆ) ಎಂದಿದ್ದು ಆ ತುದಿಯಲ್ಲಿ ಹೊರಗಿನ ಸಿಸಿಟಿವಿ ಕ್ಯಾಮೆರಾ ಇದ್ದರೆ ಕನೆಕ್ಟರ್ ಡಬ್ಬಿ ಬಿಚ್ಚಿ ನೀರು ನಿಂತಿದೆಯೇ ನೋಡಿ.

ಪೋರ್ಟು ಎಬ್ಬಿಸುವುದು

ಕಾರಣ ತೆಗೆದ ಮೇಲೆ ಪೋರ್ಟಿನ ಕಾನ್ಫಿಗ್‌ಗೆ ಹೋಗಿ ಶಟ್‌ಡೌನ್, ನಂತರ ನೋ ಶಟ್‌ಡೌನ್. ಬರೀ ನೋ ಶಟ್‌ಡೌನ್ ಕೊಟ್ಟರೆ ಏಳುವುದಿಲ್ಲ, ಎರಡೂ ಬೇಕು. ಆಗಲೇ ಡಿಸ್ಕ್ರಿಪ್ಶನ್‌ನಲ್ಲಿ ಆ ಪೋರ್ಟು ಯಾವ ಕೋಣೆಯ ಯಾವ ಮೇಜಿಗೆ ಹೋಗುತ್ತದೆ ಎಂದೂ ಬರೆದುಬಿಡಿ. ಮುಂದಿನ ಸಲ ಬರುವವರು ಕೇಬಲ್ ಎಳೆದಾಡುತ್ತಾ ಹುಡುಕುವುದು ತಪ್ಪುತ್ತದೆ.

ತಾನಾಗಿಯೇ ಏಳುವಂತೆಯೂ ಮಾಡಬಹುದು. ಎರ್‌ಡಿಸೇಬಲ್ ರಿಕವರಿ ಕಾಸ್ ಎಂದು ಕಾರಣದ ಹೆಸರು ಕೊಟ್ಟರೆ 300 ಸೆಕೆಂಡಿನ ನಂತರ ಸ್ವಿಚ್ ಮತ್ತೆ ಪ್ರಯತ್ನಿಸುತ್ತದೆ. ಈ ಅವಧಿಯನ್ನು 30ರಿಂದ 86,400 ಸೆಕೆಂಡಿನವರೆಗೆ ಬದಲಿಸಬಹುದು. ಮೊದಲಿಗೆ ಎಲ್ಲ ಕಾರಣಗಳಿಗೂ ಇದು ಆಫ್ ಇರುತ್ತದೆ. ಯಾವುದು ಆನ್, ಯಾವ ಪೋರ್ಟು ಎಷ್ಟು ಸೆಕೆಂಡಿನಲ್ಲಿ ಏಳಲಿದೆ ಎಂಬುದು ಶೋ ಎರ್‌ಡಿಸೇಬಲ್ ರಿಕವರಿಯಲ್ಲಿ ಕಾಣುತ್ತದೆ. ಕಾಸ್ ಆಲ್ ಎಂದು ಎಲ್ಲದಕ್ಕೂ ಹಾಕಿಬಿಡುವುದು ನನಗೆ ಇಷ್ಟವಿಲ್ಲ. ಪೋರ್ಟ್ ಸೆಕ್ಯುರಿಟಿಗೂ ಡಿಎಚ್‌ಸಿಪಿ ಮಿತಿಗೂ ಹಾಕಿ, ಅವು ಬಂದು ಹೋಗುವ ತೊಂದರೆಗಳು. ಬಿಪಿಡಿಯುಗಾರ್ಡ್‌ಗೆ ಮಳವಳ್ಳಿ, ಕೆ.ಆರ್. ಪೇಟೆಯಂಥ ದೂರದ ಶಾಖೆಯಲ್ಲಿ, ಹೋಗಿ ನೋಡುವವರಿಲ್ಲದ ಕಡೆ ಹಾಕಬಹುದು: ಲೂಪ್ ಇನ್ನೂ ಇದ್ದರೆ ಪೋರ್ಟು ಎದ್ದ ಕೂಡಲೇ ಮತ್ತೆ ಬೀಳುತ್ತದೆ, ಲಾಗ್ ತುಂಬುತ್ತದೆ, ಅಷ್ಟೇ. ಲಿಂಕ್-ಫ್ಲ್ಯಾಪ್‌ಗೆ ಹಾಕಬೇಡಿ. ಐದು ನಿಮಿಷಕ್ಕೊಮ್ಮೆ ತಾನೇ ಎದ್ದು ಬರುವ ಪೋರ್ಟಿನ ಮುರಿದ ಪ್ಲಗ್ಗನ್ನು ಯಾರೂ ಬದಲಿಸುವುದಿಲ್ಲ.

ದೂರದಿಂದ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ನೀವು ಒಳಗೆ ಬಂದಿರುವ ಅಪ್‌ಲಿಂಕ್ ಪೋರ್ಟಿಗೇ ಶಟ್‌ಡೌನ್ ಕೊಟ್ಟರೆ ನೋ ಶಟ್‌ಡೌನ್ ಟೈಪ್ ಮಾಡಲು ಬೈಕ್ ಹತ್ತಬೇಕಾಗುತ್ತದೆ. ಅನುಮಾನವಿದ್ದರೆ ಲಾಗ್ ಕಾಪಿ ಮಾಡಿಟ್ಟು, ಕಾನ್ಫಿಗ್ ಸೇವ್ ಮಾಡದೆ, ರೀಲೋಡ್ ಇನ್ 10 ಕೊಟ್ಟು ಕೆಲಸ ಶುರು ಮಾಡಿ. ಸಂಪರ್ಕ ತಪ್ಪಿದರೆ ಹತ್ತು ನಿಮಿಷದಲ್ಲಿ ಸ್ವಿಚ್ ಹಳೇ ಕಾನ್ಫಿಗ್‌ನೊಂದಿಗೆ ಮತ್ತೆ ಆನ್ ಆಗುತ್ತದೆ. ಎಲ್ಲ ಸರಿಯಾದರೆ ರೀಲೋಡ್ ಕ್ಯಾನ್ಸಲ್ ಕೊಡಲು ಮರೆಯಬೇಡಿ.

ಬೇರೆ ಕಂಪನಿಯ ಮ್ಯಾನೇಜ್ಡ್ ಸ್ವಿಚ್‌ಗಳಲ್ಲೂ ಇದೇ ಕಥೆ, ಹೆಸರು ಬೇರೆ. ಎಚ್‌ಪಿ, ಅರೂಬಾದಲ್ಲಿ ಬಿಪಿಡಿಯು ಪ್ರೊಟೆಕ್ಷನ್, ಲೂಪ್ ಪ್ರೊಟೆಕ್ಟ್ ಎಂದು ಹುಡುಕಿ. ಜೂನಿಪರ್‌ನಲ್ಲಿ ಬಿಪಿಡಿಯು ಬ್ಲಾಕ್ ಎಂದಿರುತ್ತದೆ; ಡಿಸೇಬಲ್ ಟೈಮ್‌ಔಟ್ ಹಾಕದಿದ್ದರೆ ಕೈಯಿಂದಲೇ ಕ್ಲಿಯರ್ ಮಾಡಬೇಕು.